ವಾಸ್ತುಶಿಲ್ಪಿಯ ಹೆಸರು ಹೊತ್ತ ಅಂಚೆಚೀಟಿಗಳು

ವಾಷಿಂಗ್ಟನ್ ಸುತ್ತಮುತ್ತ ನೆಲೆಸಿರುವ ನಮಗೆ ಡಲ್ಲೆಸ್ ವಿಮಾನ ನಿಲ್ದಾಣವೆಂದರೆ ಊರಿನಿಂದ ಬರುವ ಅಪ್ಪ ಅಮ್ಮನಿಗಾಗಿ ಕಾಯುವ ಜಾಗ. ಅಲ್ಲಿನ ಕಂಬಗಳು ಹೊರಕ್ಕೆ ವಾಲಿವೆ. ಅವುಗಳ ನಡುವೆ ಚಾವಣಿ ಜೋಲಿಯಂತೆ ಇಳಿಬಿದ್ದಿದೆ. ಈ ಕಟ್ಟಡವನ್ನು ನಿಂತು ನೋಡುವ ಆಸೆ ನನ್ನಲ್ಲಿ ಹುಟ್ಟಿಸಿದ್ದು ಒಂದು ಹಳೆಯ ಲಕೋಟೆ.

ಅದು 1982ರ ಸೆಪ್ಟೆಂಬರ್ 30ರ ಫಸ್ಟ್ ಡೇ ಕವರ್, ಅಂದರೆ ಹೊಸ ಅಂಚೆಚೀಟಿ ಅಂಟಿಸಿ, ಅದು ಬಿಡುಗಡೆಯಾದ ದಿನದ ಮುದ್ರೆ ಒತ್ತಿದ ಲಕೋಟೆ. ಅಮೆರಿಕದ ಅಂಚೆ ಇಲಾಖೆ 1979ರಿಂದ ನಾಲ್ಕು ವರ್ಷ, ವರ್ಷಕ್ಕೆ ನಾಲ್ಕರಂತೆ, ತನ್ನ ದೇಶದ ಕಟ್ಟಡಗಳ ಮೇಲೆ ಅಂಚೆಚೀಟಿ ತಂದಿತು. ಕೊನೆಯ ಕಂತಿನಲ್ಲಿ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಜಲಪಾತದ ಮೇಲೆಯೇ ಕಟ್ಟಿದ ಫಾಲಿಂಗ್‌ವಾಟರ್ ಮನೆ, ಷಿಕಾಗೋದಲ್ಲಿನ ಮೀಸ್ ವಾನ್ ಡರ್ ರೋಹೆಯ ಗಾಜಿನ ಕಟ್ಟಡ, ಗ್ರೋಪಿಯಸ್ ತನಗಾಗಿ ಕಟ್ಟಿಕೊಂಡ ಮನೆ, ಜೊತೆಗೆ ನಮ್ಮ ಡಲ್ಲೆಸ್. ಬೆಲೆ ತಲಾ 20 ಸೆಂಟ್. ಚಿತ್ರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಡಲ್ಲೆಸ್ ಚೀಟಿಯ ಮೇಲಿನ ಸಣ್ಣ ಅಕ್ಷರಗಳು: ಈರೋ ಸಾರಿನೆನ್, 1910–1961. ನಿಲ್ದಾಣದ ವಾಸ್ತುಶಿಲ್ಪಿ ಈತನೇ. ನಿಲ್ದಾಣದ ಉದ್ಘಾಟನೆ ಆದದ್ದು 1962ರಲ್ಲಿ. ತಾನು ಕಲ್ಪಿಸಿದ ಚಾವಣಿಯ ಕೆಳಗೆ ಒಬ್ಬ ಪ್ರಯಾಣಿಕನಾದರೂ ನಡೆದುಹೋಗುವುದನ್ನು ಆತ ಕಾಣಲಿಲ್ಲ. ಬೆರಳಗಲದ ಕಾಗದ ಇಷ್ಟನ್ನೂ ಹೇಳಿತು.

ಆಮೇಲೆ ಸಂಗ್ರಹ ಬೆಳೆಯಿತು. ಸಾಮಾನ್ಯ ಕವರ್‌ಗಳು ಇಲ್ಲಿ ಒಂದು ಕಾಫಿಯ ಬೆಲೆಗೆ ಸಿಗುತ್ತವೆ. ಚೀಟಿಯಷ್ಟೇ ಮುಖ್ಯವಾದದ್ದು ಠಸ್ಸೆ, ಏಕೆಂದರೆ ಅದರಲ್ಲಿ ದಿನಾಂಕದ ಜೊತೆ ಊರಿನ ಹೆಸರೂ ಇರುತ್ತದೆ. ರೈಟ್ ಅವರ ಮುಖವಿರುವ ಎರಡು ಸೆಂಟ್ ಚೀಟಿ 1966ರಲ್ಲಿ ಬಿಡುಗಡೆಯಾದದ್ದು ವಿಸ್ಕಾನ್ಸಿನ್‌ನ ಸ್ಪ್ರಿಂಗ್ ಗ್ರೀನ್‌ನಲ್ಲಿ, ಅವರ ಮನೆ ಟಾಲಿಯೆಸಿನ್ ಇರುವ ಪುಟ್ಟ ಊರಿನಲ್ಲಿ. ಆ ಊರಿನ ಠಸ್ಸೆ ಬಿದ್ದ ಲಕೋಟೆ ನನಗೆ ಅಚ್ಚುಮೆಚ್ಚು.

ಭಾರತದಲ್ಲಿ ಅಂಚೆ ಇಲಾಖೆಯೇ ಚಿತ್ರ ಮುದ್ರಿಸಿದ ಲಕೋಟೆಯನ್ನೂ ಮಾಹಿತಿ ಪತ್ರವನ್ನೂ ಮಾರುತ್ತದೆ. ಇಲ್ಲಿ ನಾವೇ ಲಕೋಟೆ ತಯಾರಿಸಬಹುದು: ಎಡಭಾಗದಲ್ಲಿ ಚಿತ್ರ ಬರೆದು, ಹೊಸ ಚೀಟಿ ಅಂಟಿಸಿ, ಅದು ಬಿಡುಗಡೆಯಾದ 120 ದಿನಗಳೊಳಗೆ ಅಂಚೆ ಇಲಾಖೆಗೆ ಕಳುಹಿಸಿದರೆ ಮೊದಲ ದಿನದ ಠಸ್ಸೆ ಒತ್ತಿ ಹಿಂದಿರುಗಿಸುತ್ತಾರೆ. ಮಕ್ಕಳೊಂದಿಗೆ ಮಾಡಲು ಇದಕ್ಕಿಂತ ಒಳ್ಳೆಯ ಕೆಲಸ ನನಗೆ ತಿಳಿದಿಲ್ಲ.

ನನ್ನ ಆಲ್ಬಮ್‌ನಲ್ಲಿ 1949ರ ಆಗಸ್ಟ್ 15ರಂದು ಬಂದ ಆರಾಣೆಯ ಗೋಳಗುಮ್ಮಟವೂ ಇದೆ. ಸ್ವತಂತ್ರ ಭಾರತ ತನ್ನ ಸ್ಮಾರಕಗಳನ್ನು ಚೀಟಿಗೆ ತಂದಾಗ ವಿಜಾಪುರಕ್ಕೂ ಜಾಗ ಕೊಟ್ಟಿತು ಎಂಬುದು ಹೆಮ್ಮೆಯ ಮಾತು. ಆದರೆ ಅದನ್ನು ಕಟ್ಟಿದನೆಂದು ಹೇಳಲಾಗುವ ದಾಬೂಲಿನ ಯಾಕೂತನ ಹೆಸರು ಚೀಟಿಯಲ್ಲಿಲ್ಲ. ಹಳೆಯ ಶಿಲ್ಪಿಗಳ ಹೆಸರುಗಳು ಅಳಿದುಹೋಗಿವೆ ಎನ್ನುವ ಸಮಾಧಾನ ಎಲ್ಲ ಕಡೆಯೂ ನಡೆಯುವುದಿಲ್ಲ. ಸೋಮನಾಥಪುರದಲ್ಲಿ ಮಲ್ಲಿತಮ್ಮ, ಬೇಲೂರಿನಲ್ಲಿ ದಾಸೋಜ ತಮ್ಮ ಹೆಸರನ್ನು ಕಲ್ಲಿನಲ್ಲೇ ಕೆತ್ತಿಟ್ಟಿದ್ದಾರೆ. ಹೊಯ್ಸಳ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ಮಲ್ಲಿತಮ್ಮನ ಹೆಸರನ್ನು ಕನ್ನಡದಲ್ಲಿ ಮುದ್ರಿಸಿದ ಚೀಟಿ ಬರಬೇಕು. ಅದಕ್ಕೆ ಸೋಮನಾಥಪುರದ್ದೇ ಠಸ್ಸೆ ಬೀಳಬೇಕು.

ಬೆಂಗಳೂರಿನಲ್ಲಿರುವವರು ಜಿಪಿಒದ (ಪ್ರಧಾನ ಅಂಚೆ ಕಚೇರಿಯ) ಫಿಲಾಟೆಲಿ, ಅಂದರೆ ಅಂಚೆಚೀಟಿ ಸಂಗ್ರಹದ, ವಿಭಾಗದಲ್ಲಿ ಠೇವಣಿ ಖಾತೆ ತೆರೆದರೆ ಹೊಸ ಲಕೋಟೆಗಳು ಮನೆಗೇ ಬರುತ್ತವೆ. ಅಲ್ಲಿಗೆ ಹೋದಾಗ ಈ ಬೇಡಿಕೆಯನ್ನೂ ಬರೆದು ಕೊಟ್ಟು ಬನ್ನಿ. ಇಲ್ಲಿಂದ ನಾನೂ ಒಂದು ಪತ್ರ ಕಳುಹಿಸುತ್ತಿದ್ದೇನೆ.