ಹೆಸರು ಬರೆದುಕೊಳ್ಳಿ, ಗಂಟೆ ಲೆಕ್ಕ ಕೇಳ್ಬೇಡಿ

ಇಂಗ್ಲೆಂಡಲ್ಲಿ ನನ್ನ ಫ್ರೆಂಡ್ ಒಬ್ಳಿದ್ದಾಳೆ, ಮೂಲ ಕಾಪುವಿನವಳೇ, ಮಕ್ಕಳನ್ನ ಶಾಲೆಗೆ ಕಳಿಸದೆ ಮನೆಯಲ್ಲೇ ಓದಿಸ್ತಾಳೆ, ನಾವೂ ಇಲ್ಲಿ ಉಡುಪಿಯಲ್ಲಿ ಅದನ್ನೇ ಮಾಡುದು, ಹಾಗಾಗಿ ನಮ್ಮಿಬ್ಬರ ವಾಟ್ಸಾಪ್ ಅಂದ್ರೆ ಅರ್ಧ ಗಣಿತದ ಲಿಂಕು, ಇನ್ನರ್ಧ ನೆಂಟರು ಹೇಳಿದ ಕೊಂಕು. 2024ರ ಡಿಸೆಂಬರಲ್ಲಿ ಅಲ್ಲಿನ ಸರ್ಕಾರ ಮಕ್ಕಳ ಕ್ಷೇಮ ಮತ್ತು ಶಾಲೆಗಳ ಬಗ್ಗೆ ಹೊಸ ಮಸೂದೆ ತಂದ ಮೇಲೆ ಬೇರೆ ಮಾತೇ ಇಲ್ಲ ಮಾರಾಯ್ರೆ. ಪಿಟಿಷನ್, ಎಂಪಿಗೆ ಪತ್ರ, ಮತ್ತೊಂದು ಪಿಟಿಷನ್. ನಂಗೂ ಸೈನ್ ಮಾಡು ಅಂತ ಲಿಂಕ್ ಕಳಿಸಿದ್ಲು, ಅಲ್ಲಿನ ನಾಗರಿಕರು ಇಲ್ಲಾ ಅಲ್ಲೇ ವಾಸ ಇರುವವರು ಮಾತ್ರ ಸೈನ್ ಮಾಡ್ಬಹುದಂತೆ. 10 ಸಾವಿರ ದಾಟಿದ್ರೆ ಸರ್ಕಾರ ಉತ್ತರ ಕೊಡ್ತದೆ, 1 ಲಕ್ಷ ದಾಟಿದ್ರೆ ಪಾರ್ಲಿಮೆಂಟಲ್ಲಿ ಚರ್ಚೆಗೆ ಎತ್ತಿಕೊಳ್ಬೇಕಾ ಅಂತ ನೋಡ್ತಾರೆ. (ನಮ್ಮಲ್ಲಿ ಹೀಗೊಂದು ಇದ್ದಿದ್ರೆ ಹೈವೇ ಹೊಂಡಗಳಿಗೇ ವಾರಕ್ಕೊಂದು ಲಕ್ಷ ಆಗ್ತಿತ್ತು.)

ವಿಷಯ ಇಷ್ಟು. ಅಲ್ಲಿನ 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿಗೆ ತಕ್ಕ ಶಿಕ್ಷಣ ಸಿಗುವ ಹಾಗೆ ನೋಡಿಕೊಳ್ಳುದು ಅಪ್ಪ ಅಮ್ಮನ ಕೆಲಸ, ಶಾಲೆಯಲ್ಲಾದ್ರೂ ಆಯ್ತು ಬೇರೆ ರೀತಿಯಲ್ಲಾದ್ರೂ ಆಯ್ತು. ಹುಟ್ಟಿದಾಗಿಂದ ಶಾಲೆ ಮೆಟ್ಟಿಲೇ ಹತ್ತದ ಮಗುವಾದ್ರೆ ಯಾರಿಗೂ ಹೇಳ್ಬೇಕಂತಲೂ ಇರ್ಲಿಲ್ಲ. ಹೊಸ ಮಸೂದೆ ಬಂದು, ಶಾಲೆಗೆ ಹೋಗದ ಮಕ್ಕಳದ್ದು ಒಂದು ರಿಜಿಸ್ಟರ್ ಇಡಬೇಕು, ಅದರಲ್ಲಿ ಹೆಸರು ವಿಳಾಸದ ಜೊತೆ ಅಪ್ಪ ಎಷ್ಟು ಹೊತ್ತು ಕಲಿಸ್ತಾನೆ, ಅಮ್ಮ ಎಷ್ಟು ಹೊತ್ತು, ಹೊರಗಿನವರು ಎಷ್ಟು ಹೊತ್ತು ಅನ್ನುದೂ ಇರಬೇಕು ಅಂತ ಹೇಳ್ತು. ಮಗುವಿನ ರಕ್ಷಣೆ ಬಗ್ಗೆ ತನಿಖೆ ನಡೀತಿದ್ರೆ ಪರ್ಮಿಷನ್ ಇಲ್ಲದೆ ಶಾಲೆ ಬಿಡಿಸುವ ಹಾಗಿಲ್ಲ ಅಂತಲೂ ಹೇಳ್ತು.

ಎಂತಕ್ಕೆ ಇದೆಲ್ಲ ಅಂದ್ರೆ, 2023ರಲ್ಲಿ ವೋಕಿಂಗ್ ಅನ್ನುವ ಊರಲ್ಲಿ 10 ವರ್ಷದ ಹುಡುಗಿಯನ್ನ ಮನೆಯಲ್ಲೇ ಓದಿಸ್ತೇವೆ ಅಂತ ಶಾಲೆ ಬಿಡಿಸಿದ್ರು, ಕೆಲವೇ ತಿಂಗಳಲ್ಲಿ ಮಗು ಸತ್ತು ಹೋಯ್ತು, ಕೊಂದವರು ಅಪ್ಪ ಮತ್ತು ಮಲತಾಯಿ ಅಂತ ಕೋರ್ಟಲ್ಲಿ ಸಾಬೀತಾದದ್ದು ಮಸೂದೆ ಬಂದ ತಿಂಗಳೇ. ಆ ಕುಟುಂಬ ಅಧಿಕಾರಿಗಳಿಗೆ ಮೊದ್ಲಿಂದ ಗೊತ್ತಿತ್ತಲ್ಲ, ಗೊತ್ತಿದ್ದೂ ಸುಮ್ಮನಿದ್ದವರಿಗೆ ಇನ್ನೊಂದು ಪುಸ್ತಕ ಕೊಟ್ಟು ಎಂತ ಆಗ್ತದೆ ಅಂತ ನನ್ನ ಫ್ರೆಂಡ್ ಕೇಳ್ತಾಳೆ. ಮಾತು ಸರಿ. ಆದ್ರೆ ಸತ್ತ ಮಗುವಿನ ಎದುರು ನಮ್ಮ ಪ್ರೈವೆಸಿ ಅಂತ ಬೋರ್ಡ್ ಹಿಡ್ಕೊಂಡು ನಿಂತ್ರೆ ಹೊರಗಿನವರು ಯಾರೂ ನಮ್ಮನ್ನ ನಂಬುದಿಲ್ಲ.

ಇದು ಮೊದಲ ಸಲವೂ ಅಲ್ಲ. 2009ರಲ್ಲಿ ಗ್ರಹಾಂ ಬ್ಯಾಡ್‌ಮನ್ ಅನ್ನುವವರಿಂದ ಅಲ್ಲಿನ ಸರ್ಕಾರ ಬರೆಸಿದ ವರದಿ ಬಂದಿತ್ತು, ಅದು ಇನ್ನೂ ಜೋರು, ಮನೆಯಲ್ಲಿ ಓದುವ ಮಕ್ಕಳ ರಿಜಿಸ್ಟರ್ ಇರಬೇಕು, ಅಧಿಕಾರಿ ಮನೆಯೊಳಗೆ ಬರ್ಬಹುದು, ಮಗುವನ್ನ ಒಂಟಿಯಾಗಿ ಮಾತಾಡಿಸ್ಬಹುದು ಅಂತೆಲ್ಲ. ಹೋಮ್‌ಸ್ಕೂಲ್ ಕುಟುಂಬಗಳು ಎದ್ದು ಕೂತ್ವು, ಊರೂರಿನ ಎಂಪಿಗಳ ಕೈಯಲ್ಲಿ ಪಿಟಿಷನ್ ಕೊಡಿಸಿದ್ವು, 2010ರ ಏಪ್ರಿಲಲ್ಲಿ ಚುನಾವಣೆ ಎದುರಿಗೆ ಬಂದು ಟೈಮ್ ಸಾಲದೆ ಸರ್ಕಾರ ಆಗಿನ ಮಸೂದೆಯಿಂದ ಆ ಭಾಗವನ್ನೇ ಕೈಬಿಡ್ತು. ಗೆದ್ದೆವು ಅಂದ್ಕೊಂಡ್ರು. ರಿಜಿಸ್ಟರ್ ತಿರುಗಿ ಬಂತಲ್ಲ. ಅದೇ 1994ರಲ್ಲಿ ಅಮೆರಿಕದಲ್ಲಿ ಏನಾಯ್ತು ನೋಡಿ, ದೊಡ್ಡ ಶಿಕ್ಷಣ ಮಸೂದೆಯೊಳಗೆ ಟೀಚರಿಗೆ ಸರ್ಟಿಫಿಕೇಟ್ ಇರ್ಲೇಬೇಕು ಅನ್ನುವ ಹಾಗೆ ಒಂದು ಷರತ್ತು ಇತ್ತು, ಮನೆಯಲ್ಲಿ ಕಲಿಸುವವರು ಆ ಒಂದನ್ನೇ ಹಿಡ್ಕೊಂಡು ಸಂಸತ್ತಿಗೆ ಫೋನ್ ಮಾಡಿ ಮಾಡಿ ಲೈನೇ ಜಾಮ್ ಮಾಡಿದ್ರು, 424ಕ್ಕೆ 1 ಓಟಲ್ಲಿ ಅದು ಬಿದ್ದು ಹೋಯ್ತು! ನಂಗೆ ಈ ಕಥೆ ಭಾರೀ ಇಷ್ಟ.

ಹಾಗಾದ್ರೆ ಹಿಡೀಬೇಕಾದ್ದು ಯಾವುದನ್ನ? ನನ್ನ ಪ್ರಕಾರ ಆ ಗಂಟೆ ಲೆಕ್ಕವನ್ನ. ಮಗನನ್ನ ಬೆಳಗ್ಗೆ ಮಲ್ಪೆ ಬಂದರಿಗೆ ಕರ್ಕೊಂಡು ಹೋಗ್ತೇನೆ, ಅವನು ಏಲಂ ಕೂಗುವಲ್ಲಿ ನಿಂತು ಬಂಗುಡೆ ಎಷ್ಟಕ್ಕೆ ಹೋಯ್ತು, ಬೂತಾಯಿ ಎಷ್ಟಕ್ಕೆ ಅಂತ ಪೆನ್ಸಿಲಲ್ಲಿ ಗೀಚ್ತಾನೆ, ಪುಸ್ತಕದ ಪುಟವೆಲ್ಲ ಮೀನು ನೀರು ಬಿದ್ದು ಉಬ್ಬಿರ್ತದೆ, ಅದೇ ಬುಟ್ಟಿ ಸ್ವಲ್ಪ ಹೊತ್ತಲ್ಲಿ ಕಮ್ಮಿ ಆದದ್ದು ಯಾಕೆ ಅಂತ ಮೀನು ಮಾರುವ ಅಕ್ಕನತ್ರ ಕೇಳ್ತಾನೆ, ಅವರು ತುಳುವಿನಲ್ಲಿ ಬೈದುಕೊಂಡೇ ಬಾಯಿಲೆಕ್ಕ ಹೇಳಿಕೊಡ್ತಾರೆ. ಜೂನ್ ಜುಲೈಯಲ್ಲಿ ಟ್ರಾಲ್ ಬೋಟ್ ಯಾಕೆ ಕಡಲಿಗೆ ಇಳಿಯುದಿಲ್ಲ ಅಂತ ಕೇಳಿದಲ್ಲಿಂದ ಮೀನು ಮೊಟ್ಟೆ ಇಡುವ ಕಾಲ, ಮಳೆಗಾಲ, ಸಾಲ ಎಲ್ಲ ಬಂತು. ಇದು ಅಮ್ಮನ ಗಂಟೆಯಾ, ಹೊರಗಿನವರ ಗಂಟೆಯಾ? ಆ ಅಕ್ಕನ ಹೆಸರು ವಿಳಾಸ ಕೊಡ್ಲಿಕ್ಕೆ ಹೋದ್ರೆ ನನ್ನನ್ನ ಮೀನಿನ ಬುಟ್ಟಿ ಹಿಡ್ಕೊಂಡೇ ಓಡಿಸ್ತಾರೆ.

ಹೆಸರು ಬರೆಸುದಕ್ಕೆ ಮಾತ್ರ ನಂದು ತಕರಾರಿಲ್ಲ, ಅದಕ್ಕೆ ಕಾರಣ ನಮ್ಮ ಪರಿಸ್ಥಿತಿ. ನಿಮ್ಮಲ್ಲಿ ಯಾರೂ ಕೇಳುದಿಲ್ಲ, ನೀವೇ ಲಕ್ಕಿ ಅಂತಾಳೆ ಇಂಗ್ಲೆಂಡಿನ ನನ್ನ ಫ್ರೆಂಡ್. ಎಂತ ಲಕ್ಕಿ? 2010ರ ಏಪ್ರಿಲ್ 1ಕ್ಕೆ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆ 6ರಿಂದ 14 ವರ್ಷದ ಮಗುವನ್ನ ಶಾಲೆಗೆ ಸೇರಿಸುದು ಪೋಷಕರ ಕರ್ತವ್ಯ ಅಂತದೆ, ಸೇರಿಸದಿದ್ರೆ ಶಿಕ್ಷೆ ಎಂತ ಅಂತ ಹೇಳುದಿಲ್ಲ, ಮನೆಯಲ್ಲಿ ಓದಿಸುವವರ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ಶಾಲೆ ಬಿಟ್ಟ ಮಕ್ಕಳ ಸರ್ವೆಗೆ ಬಂದ ಟೀಚರ್ ನಮ್ಮ ಜಗಲಿಯಲ್ಲಿ ಕೂತು, ಒಳಗೆ ಕತೆ ಪುಸ್ತಕ ಓದ್ತಿದ್ದ ಮಗಳನ್ನ ನೋಡಿ ಪಾಪ ತಲೆ ಕೆರ್ಕೊಂಡ್ರು, ಬಡತನ ಅಲ್ಲ ವಲಸೆ ಅಲ್ಲ ಕಾಯಿಲೆ ಅಲ್ಲ, ಎಂತ ಬರೀಲಿ ಅಂತ. ಕೊನೆಗೆ ಇತರೆ ಅಂತ ಬರ್ಕೊಂಡು ಮಜ್ಜಿಗೆ ಕುಡಿದು ಹೋದ್ರು. 14 ಆದ್ರೆ ಸರ್ಕಾರದ ಮುಕ್ತ ಶಾಲೆ ಎನ್‌ಐಒಎಸ್‌ನಲ್ಲಿ ಹತ್ತನೇ ಕ್ಲಾಸಿಗೆ ಕಟ್ಟಬಹುದು ಸರಿ, ಅಲ್ಲಿವರೆಗೆ ನನ್ನ ಮಕ್ಕಳು ಸರ್ಕಾರದ ಲೆಕ್ಕದಲ್ಲಿ ಶಾಲೆ ಬಿಟ್ಟವರೇ. ನಾಳೆ ಯಾರಾದ್ರೂ ಅಧಿಕಾರಿಗೆ ಮನಸ್ಸು ಬಂದ್ರೆ ತೋರಿಸ್ಲಿಕ್ಕೆ ನನ್ನತ್ರ ಒಂದು ಚೀಟಿ ಇಲ್ಲ.

ಅದಕ್ಕೇ ಅವಳಿಗೆ ಹೇಳಿದೆ, ಪತ್ರದಲ್ಲಿ ರಿಜಿಸ್ಟರೇ ಬೇಡ ಅನ್ನುವ ಪ್ಯಾರಾ ತೆಗಿ, ಗಂಟೆ ಲೆಕ್ಕ ಬೇಡ ಅನ್ನುದನ್ನ ಮೇಲೆ ಹಾಕು. ನೀನು ಸರ್ಕಾರದ ಪಾರ್ಟಿಯಾ ಅಂತ ಸಿಟ್ಟಾಗಿ ಸುಮಾರು ದಿನ ಬರೀ ಬ್ಲೂ ಟಿಕ್. ಆಮೇಲೆ ಎಂಪಿಗೆ ಕಳಿಸಿದ ಪತ್ರದ ಫೋಟೋ ಬಂತು. ಗಂಟೆ ವಿಷಯ ಮೊದಲ ಪ್ಯಾರಾಕ್ಕೆ ಬಂದಿದೆ, ರಿಜಿಸ್ಟರ್ ಪ್ಯಾರಾ ಹಾಗೇ ಉಂಟು, ಬೋಲ್ಡ್ ಬೇರೆ ಮಾಡಿದ್ದಾಳೆ.