ಡಿಸ್‌ಪ್ಲೇಯಲ್ಲಿ 24, ಟಬ್ಬಿನ ತಳದಲ್ಲಿ 46

ಬೋಂಡ ನಮ್ಮ ಕ್ಲಿನಿಕ್ಕಿಗೆ ಬಂದದ್ದು ಡಿಸೆಂಬರಿನಲ್ಲಿ. ಬಾಲ್ ಪೈಥಾನ್ ಎಂಬ ಆಫ್ರಿಕಾದ ಹೆಬ್ಬಾವಿನ ಮರಿ, ತೂಕ 78 ಗ್ರಾಂ. ಮೂಗಿನ ಹೊಳ್ಳೆಯಲ್ಲಿ ಗುಳ್ಳೆ, ಉಸಿರೆಳೆದರೆ ಸಣ್ಣ ಸಿಳ್ಳೆ, ಇಲಿಮರಿ ಮುಟ್ಟದೆ ವಾರಗಳೇ ಆಗಿದ್ದವು. ಓನರ್ ಒಬ್ಬ ಸಾಫ್ಟ್‌ವೇರ್ ಹುಡುಗ. ಇಂಥ ವಿದೇಶಿ ಹಾವು ಸಾಕಲು ಬೇಕಾದ, ಸರ್ಕಾರದ ಪರಿವೇಶ್ ಪೋರ್ಟಲ್ಲಿನ ನೋಂದಣಿ ಕಾಗದವನ್ನು ನಾವು ಕೇಳುವ ಮೊದಲೇ ತೆಗೆದು ಟೇಬಲ್ ಮೇಲಿಟ್ಟ. 2024ರ ನಿಯಮ ಬಂದ ಮೇಲೂ ‘ಯಾವ ಕಾಗದ ಡಾಕ್ಟ್ರೇ?’ ಅನ್ನುವವರು ಇದ್ದೇ ಇದ್ದಾರೆ, ಹಾಗಾಗಿ ಅಲ್ಲೇ ಅವನ ಮೇಲೆ ಅರ್ಧ ಪ್ರೀತಿ ಹುಟ್ಟಿತು. (ನಮ್ಮ ಕಾಡಿನ ಹೆಬ್ಬಾವಾಗಿದ್ದರೆ ಕಾಗದದ ಮಾತೇ ಇಲ್ಲ. ಅದು 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನದು, ಮನೆಯಲ್ಲಿಟ್ಟುಕೊಂಡರೆ ನೇರ ಕೇಸು.)

ಆ ಅರ್ಧ ಪ್ರೀತಿಯೂ ಅವನ ಮೊಬೈಲಿನ ಫೋಟೊ ನೋಡಿದಾಗ ಹೋಯಿತು. ನಾಲ್ಕಡಿ ಉದ್ದದ ಗಾಜಿನ ಟ್ಯಾಂಕು, ಮೇಲೊಂದು ಕೆಂಪು ಬಲ್ಬು, ಕೆಳಗೆ ಕರೆಂಟಿನಲ್ಲಿ ಕಾಯುವ ಕಲ್ಲು ‘ಹೀಟ್ ರಾಕ್’, ನಡುವೆ ಒಂದು ಪ್ಲಾಸ್ಟಿಕ್ ಬಳ್ಳಿ. ಅಡಗಲು ಒಂದು ಮೂಲೆಯೂ ಇಲ್ಲ. ‘ಜಾಗ ಜಾಸ್ತಿ ಇದ್ರೆ ಒಳ್ಳೇದಲ್ವಾ ಮೇಡಂ? ಪೆಟ್ ಶಾಪಿನವರೇ ಸೆಟ್ ಮಾಡಿಕೊಟ್ರು.’ ಈ ಹಾವು ಘಾನಾ, ಟೋಗೊ, ಬೆನಿನ್ ಕಡೆಯದು. ಅಲ್ಲಿ ಹಗಲೆಲ್ಲ ಇಲಿಬಿಲದಲ್ಲೋ ಗೆದ್ದಲ ಹುತ್ತದಲ್ಲೋ ಮುದುಡಿಕೊಂಡಿರುತ್ತದೆ. ಹುತ್ತದೊಳಗೆ ಹಾವಿರುತ್ತದೆ ಎಂದು ನಮ್ಮ ಜನಕ್ಕೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಸಾಕುವಾಗ ನಾಲ್ಕೂ ಕಡೆ ಗಾಜೇ ಬೇಕು. ಅಷ್ಟು ಬಯಲಿನಲ್ಲಿ ಬಿಟ್ಟರೆ ಮರಿ ಹೆದರಿ ತಿನ್ನುವುದನ್ನೇ ಬಿಡುತ್ತದೆ. ದೊಡ್ಡ ಟ್ಯಾಂಕೇ ಇರಲಿ, ಅದರ ತುಂಬ ಅಡಗುವ ಜಾಗ ಇದ್ದರೆ ತೊಂದರೆಯಿಲ್ಲ. ಇಲ್ಲವಾದರೆ ಮುಚ್ಚಳಕ್ಕೆ ಕ್ಲಿಪ್ ಇರುವ, ಗಾಳಿಗೆ ತೂತು ಕೊರೆದ ಸಾದಾ ಪ್ಲಾಸ್ಟಿಕ್ ಟಬ್ಬೇ ಮರಿಗೆ ಮೇಲು. ಬಿಸಿ ಕಡೆ ಒಂದು ಹೈಡ್, ಅಂದರೆ ಅಡಗುವ ಗೂಡು, ತಂಪು ಕಡೆ ಒಂದು, ಎರಡೂ ಮೈಗೆ ಒತ್ತುವಷ್ಟು ಚಿಕ್ಕವು. ಹೀಟ್ ರಾಕ್ ಅನ್ನು ಮಾತ್ರ ನಾನು ಕಸದ ಬುಟ್ಟಿಗೆ ಹಾಕಿಸುತ್ತೇನೆ. ಅದು ಒಂದೊಂದು ಕಡೆ ಒಂದೊಂದು ಥರ ಕಾಯುತ್ತದೆ, ಹೊಟ್ಟೆ ಸುಡುತ್ತಿದ್ದರೂ ಹಾವು ಥಟ್ಟನೆ ಎದ್ದು ಹೋಗುವುದಿಲ್ಲ.

ಆರ್‌ಐ, ಅಂದರೆ ಉಸಿರಾಟದ ಸೋಂಕು, ಎಂದು ಕೇಸ್ ಶೀಟಿನಲ್ಲಿ ಬರೆದು ಅಡ್ಮಿಟ್ ಮಾಡಿಕೊಂಡೆವು. 72 ಗಂಟೆಗೊಮ್ಮೆ ಸೆಫ್ಟಾಜಿಡಿಮ್ ಎಂಬ ಆಂಟಿಬಯಾಟಿಕ್, ಬಾಕಿ ಕೆಲಸ ಶಾಖದ್ದು. ಹಾವಿನ ಮೈ ತಾನಾಗಿ ಬಿಸಿಯೇರುವುದಿಲ್ಲ, ಹೊರಗಿನಿಂದ ಬೆಚ್ಚಗಿಟ್ಟರೆ ಮಾತ್ರ ಅದರ ರೋಗನಿರೋಧಕ ಶಕ್ತಿ ಏಳುತ್ತದೆ, ಔಷಧಿಯೂ ನೆಟ್ಟಗೆ ಕೆಲಸ ಮಾಡುತ್ತದೆ. ಟಬ್ಬಿನ ಮೂರನೇ ಒಂದು ಭಾಗದ ಅಡಿಗೆ ಕರೆಂಟಿನಲ್ಲಿ ಕಾಯುವ ಮ್ಯಾಟ್, ಬಿಸಿ ಕಡೆ 32, ತಂಪು ಕಡೆ 26, ರಾತ್ರಿಯೂ ಇಳಿಸುವಂತಿಲ್ಲ. ಮ್ಯಾಟನ್ನು ಆನ್-ಆಫ್ ಮಾಡುವುದು ಎಸ್‌ಪಿ ರೋಡಿನಲ್ಲಿ ಸಿಗುವ, ಮೊಟ್ಟೆ ಇನ್‌ಕ್ಯುಬೇಟರಿಗೆ ಹಾಕುವ ಕಂಟ್ರೋಲರ್. ಶಾಖ ಅಳೆಯುವ ಅದರ ತಂತಿ, ಅಂದರೆ ಪ್ರೋಬ್, ಮ್ಯಾಟಿಗೂ ಟಬ್ಬಿನ ತಳಕ್ಕೂ ನಡುವೆ ಇರಬೇಕು. ನಮ್ಮಲ್ಲಿ ಅದನ್ನು ಹಿಡಿದಿಟ್ಟಿದ್ದದ್ದು ಗಾಯಕ್ಕೆ ಹಚ್ಚುವ ಪೇಪರ್ ಟೇಪು. ಶಾಖ ತಾಗಿದರೆ ಅದರ ಅಂಟು ಎಷ್ಟು ದಿನ ನಿಲ್ಲುತ್ತದೆ ಅನ್ನುವುದು ಅದನ್ನು ಹಚ್ಚಿದವರಿಗೂ ಗೊತ್ತಿತ್ತು.

ಅವತ್ತು ನನ್ನದು ನೈಟ್. ಹ್ಯಾಂಡೋವರಿನಲ್ಲಿ ‘ಬೋಂಡ: ಸ್ಟೇಬಲ್, ಟಬ್ ಕ್ಲೀನ್ ಆಗಿದೆ’ ಅಂತಿತ್ತು. ಒಂದು ಗಂಟೆ ರೌಂಡ್ಸಿಗೆ ಹೋದಾಗ ಡಿಸ್‌ಪ್ಲೇ 24.1 ತೋರಿಸುತ್ತಿತ್ತು. ಸೆಟ್ ಮಾಡಿದ್ದು 32. ಮ್ಯಾಟಿನ ದೀಪ ಉರಿಯುತ್ತಿದೆ. ಹೊರಗೆ ಬೆಂಗಳೂರಿನ ಡಿಸೆಂಬರ್ ಚಳಿ, ಮ್ಯಾಟು ಹಳೆಯದು, ತಾಕತ್ತು ಸಾಲುತ್ತಿಲ್ಲ ಅಂದುಕೊಂಡೆ. ಸೆಟಿಂಗ್ 34ಕ್ಕೆ ಏರಿಸಿ, ಟಬ್ಬಿನ ಮೇಲೆ ಒಂದು ಫ್ಲೀಸ್ ಹೊದಿಸಿ, ಪಕ್ಕದ ಮೊಲಕ್ಕೆ ಸಿರಿಂಜಿನಲ್ಲಿ ಊಟ ಕೊಡಲು ಹೋದೆ.

ಇಪ್ಪತ್ತು ನಿಮಿಷ ಬಿಟ್ಟು ಬಂದರೆ 24.0. ಫ್ಲೀಸ್ ಎತ್ತಿ ನೋಡಿದೆ. ಬೋಂಡ ಹೈಡ್ ಬಿಟ್ಟು ಹೊರಗೆ ಬಂದಿತ್ತು. ಮೂಲೆಗೆ ಒತ್ತಿಕೊಂಡು ಕತ್ತನ್ನು ನೆಟ್ಟಗೆ ಮೇಲೆತ್ತಿ, ಮುಚ್ಚಳದ ತೂತಿಗೆ ಮೂತಿ ಇಟ್ಟಿತ್ತು. ಬಾಯಿ ಒಂದಿಷ್ಟು ತೆರೆದಿತ್ತು. ಆರ್‌ಐ ಕೆಟ್ಟಾಗ ಹಾವು ಹೀಗೇ ಕತ್ತೆತ್ತಿ ಉಸಿರಿಗೆ ಒದ್ದಾಡುತ್ತದೆ, ಪುಸ್ತಕದಲ್ಲಿರುವುದೇ. ನೆಬ್ಯುಲೈಸರ್ ಹೊರಗೆ ತೆಗೆದೆ, ಸೀನಿಯರಿಗೆ ಫೋನ್ ಹಚ್ಚಿದೆ.

‘ಸಾರ್, ಪೈಥಾನ್ ಓಪನ್ ಮೌತ್. ಟೆಂಪ್ 24ರ ಮೇಲೆ ಹೋಗ್ತಾನೇ ಇಲ್ಲ. 34ಕ್ಕೆ ಸೆಟ್ ಮಾಡಿದೀನಿ, ಇನ್ನೂ ಏರಿಸ್ಲಾ?’

ನಿದ್ದೆಗಣ್ಣಿನ ದನಿ. ‘ಹಾವು ಎಲ್ಲಿದೆ?’

‘ಟಬ್ಬಲ್ಲಿ ಸಾರ್.’

‘ಟಬ್ಬಲ್ಲಿ ಎಲ್ಲಮ್ಮಾ?’

‘ಮ್ಯಾಟ್ ಇಲ್ದಿರೋ ಕಡೆ. ಮೂಲೇಲಿ.’

‘ಚಳಿಯಾಗ್ತಿರೋ ಹಾವು ಬಿಸಿ ಬಿಟ್ಟು ಅಲ್ಲಿಗ್ಯಾಕೆ ಹೋಗುತ್ತೆ? ಗನ್ ಹಿಡಿದು ನೋಡು.’

ದೂರದಿಂದಲೇ ಶಾಖ ಅಳೆಯುವ ಟೆಂಪ್ ಗನ್ನಿನಲ್ಲಿ ಸೆಲ್ ಸತ್ತಿತ್ತು. ಎರಡು ಟ್ರಿಪಲ್-ಎ ಸೆಲ್ಲಿಗೆ ಇಂಡೆಂಟ್ ಹಾಕಿ ಎಷ್ಟೋ ದಿನವಾಗಿತ್ತು, ಅಪ್ರೂವಲ್ ಬಂದಿರಲಿಲ್ಲ. ರಿಸೆಪ್ಷನ್ನಿಗೆ ಓಡಿ ಟಿವಿ ರಿಮೋಟಿನ ಸೆಲ್ ಕಿತ್ತುಕೊಂಡು ಬರುವಷ್ಟರಲ್ಲಿ ಅಟೆಂಡರ್ ಅಣ್ಣ ಟಬ್ಬಿನ ಅಡಿಗೆ ಕೈ ಹಾಕಿ ಆಗಿತ್ತು. ‘ಮೇಡಂ, ಇದು ದೋಸೆ ಹಂಚಾಗಿದೆ!’ ಅಂತ ಕೈ ಕೊಡವಿದರು. ಗನ್ ತೋರಿಸಿದ್ದು 46. ಪ್ರೋಬ್ ರ‍್ಯಾಕಿನ ಹಿಂದೆ ಗಾಳಿಯಲ್ಲಿ ನೇತಾಡುತ್ತಿತ್ತು. ಟಬ್ ತೊಳೆಯಲು ಎತ್ತಿದಾಗ ಟೇಪ್ ಬಿಟ್ಟುಕೊಂಡಿದೆ. ಕಂಟ್ರೋಲರ್ ಪಾಪ ಅಳೆಯುತ್ತಿದ್ದದ್ದು ವಾರ್ಡಿನ ಗಾಳಿಯನ್ನು. ಅದು 34 ಡಿಗ್ರಿಗೆ ಏರುವ ತನಕ ಮ್ಯಾಟ್ ಆಫ್ ಆಗುವಂತಿರಲಿಲ್ಲ, ಅಂದರೆ ಬೆಳಗಿನ ತನಕ ಕಾದರೂ ಆಗುತ್ತಿರಲಿಲ್ಲ. ಅದರ ಮೇಲೆ ನನ್ನ ಫ್ಲೀಸ್ ಬೇರೆ.

ಪ್ಲಗ್ ಕಿತ್ತೆವು. ಬೋಂಡನನ್ನು ಒದ್ದೆ ಟವೆಲ್ ಹಾಸಿದ ಬೇರೆ ಟಬ್ಬಿಗೆ ಹಾಕಿದೆವು. ತಣ್ಣೀರು ಸುರಿಯಬಾರದು, ನಿಧಾನಕ್ಕೇ ಇಳಿಸಬೇಕು. ಆ ಹತ್ತು ನಿಮಿಷ ಅಣ್ಣನೂ ನಾನೂ ಮಾತಾಡಲಿಲ್ಲ. ನರ ಸರಿಯಿದೆಯಾ ನೋಡಲು ಬೆನ್ನು ಕೆಳಗೆ ಮಾಡಿ ಮಲಗಿಸಿದೆ, ತಕ್ಷಣ ಮಗುಚಿಕೊಂಡಿತು. ನಾಲಗೆ ಹೊರಗೆ ಬಂತು. ಬಾಯಿ ಮುಚ್ಚಿತು. ಹೊಟ್ಟೆಯ ಹುರುಪೆ ಒಂದೊಂದನ್ನೂ ಟಾರ್ಚ್ ಹಿಡಿದು ನೋಡಿದೆ, ಎಲ್ಲೂ ಕೆಂಪಿರಲಿಲ್ಲ. ಆದರೆ ಸುಟ್ಟದ್ದು ಹಾವಿನಲ್ಲಿ ಅದೇ ದಿನ ಕಾಣಲೇಬೇಕೆಂದಿಲ್ಲ, ಕೆಲವು ದಿನ ಬಿಟ್ಟು ಬಣ್ಣ ತಿರುಗುತ್ತದೆ. ಹಾಗಾಗಿ ಮುಂದಿನ ಸಲ ಪೊರೆ ಬಿಡುವ ತನಕ ನನಗೆ ಸಮಾಧಾನವಿರಲಿಲ್ಲ. ಪೊರೆ ಇಡಿಯಾಗಿ ಬಿಟ್ಟಿತು, ಹೊಟ್ಟೆ ಸ್ವಚ್ಛವಾಗಿತ್ತು.

ಈಗಲೂ ಉರಿಯುವುದು ಟೆಂಪ್ ಶೀಟ್ ನೆನೆದರೆ. ಅದರಲ್ಲಿ ಇರುವುದು ಒಂದೇ ಕಾಲಂ, ‘ಟೆಂಪ್’. ಎಲ್ಲಿಯ ಟೆಂಪ್? ಬಿಸಿ ಕಡೆಯದೋ ತಂಪು ಕಡೆಯದೋ, ಗನ್ನಿನದೋ ಡಿಸ್‌ಪ್ಲೇಯದೋ? ಹಾವು ಆಗ ಯಾವ ಕಡೆ ಇತ್ತು ಅಂತ ಬರೆಯಲು ಜಾಗವೇ ಇಲ್ಲ, ನನ್ನ ಪ್ರಕಾರ ಬೇಕಾದದ್ದು ಮೊದಲು ಅದೇ. ಮೂರು ಕಾಲಂ ಮಾಡಿಕೊಡಿ ಎಂದು ಮೀಟಿಂಗಿನಲ್ಲಿ ಕೇಳಿದೆ. ಮ್ಯಾನೇಜ್‌ಮೆಂಟ್ ಗಂಭೀರವಾಗಿ ತೆಗೆದುಕೊಂಡು, ಗಂಟೆಗೊಮ್ಮೆ ಬರೆಯುತ್ತಿದ್ದ ಅದೇ ಒಂದು ಕಾಲಂ ಅನ್ನು ಅರ್ಧ ಗಂಟೆಗೊಮ್ಮೆ ಬರೆಯಬೇಕೆಂದು ಸರ್ಕ್ಯುಲರ್ ಹೊರಡಿಸಿತು. ರಿಮೋಟಿನ ಸೆಲ್ ತೆಗೆಯಬಾರದು ಎಂಬುದೂ ಅದರಲ್ಲೇ ಇತ್ತು. ನಾನು ಶೀಟಿನ ಅಂಚಿನಲ್ಲಿ ಪೆನ್ನಿನಲ್ಲಿ ‘ಬಿ’, ‘ತಂ’ ಅಂತ ಬರೆದುಕೊಳ್ಳುತ್ತೇನೆ. ಪ್ರೋಬಿಗೆ ಈಗ ಅಲ್ಯುಮಿನಿಯಂ ಟೇಪು, ಅದೂ ಟಬ್ಬಿನ ಹೊರಗಡೆ ಮಾತ್ರ, ಒಳಗೆ ಹಚ್ಚಿದರೆ ಹಾವಿನ ಚರ್ಮವೇ ಅಂಟಿಕೊಂಡು ಕಿತ್ತುಬರುತ್ತದೆ. ಟೇಪು ನನ್ನ ದುಡ್ಡಿನದು.

ಓನರಿಗೆ ಆ ರಾತ್ರಿಯದನ್ನೆಲ್ಲ ಮಾರನೇ ಬೆಳಿಗ್ಗೆಯೇ ಹೇಳಿದ್ದೆ. ಹುಡುಗ ಕೂಗಾಡಲಿಲ್ಲ. ಮನೆಯಲ್ಲೂ ಕಂಟ್ರೋಲರ್ ಹಾಕಿಸುತ್ತೇನೆ, ಗನ್ ಬೇರೆ ಕೊಳ್ಳುತ್ತೇನೆ ಅಂದ. ಡಿಸ್‌ಚಾರ್ಜಿನ ದಿನ ಬಿಲ್ಲಿನಲ್ಲಿ ಆ ರಾತ್ರಿಯ ‘ಹೀಟ್ ಸಪೋರ್ಟ್ ಚಾರ್ಜಸ್’ ಹಾಗೇ ಇತ್ತು. ತೆಗೆಯಿರಿ ಅಂದೆ. ಅಡ್ಮಿನ್ ಅಪ್ರೂವಲ್ ಇಲ್ಲದೆ ಸಿಸ್ಟಮ್ ಬಿಡಲ್ಲ ಮೇಡಂ ಅಂದರು ಕೌಂಟರಿನವರು. ಹುಡುಗ ಬಿಲ್ಲನ್ನು ಎರಡು ಸಲ ಓದಿ, ‘ಸಪೋರ್ಟ್ ಸ್ವಲ್ಪ ಜಾಸ್ತೀನೇ ಆಯ್ತು’ ಅಂತ ಕಾರ್ಡ್ ತೆಗೆದ.