ಉಲ್ಟಾ ಥ್ರೆಡ್

ನಮ್ಮ ಬಿಲ್ಡಿಂಗ್‌ನ ಅಂಗಳದಲ್ಲಿ, ಸೈಕಲ್ ನಿಲ್ಲಿಸುವ ಜಾಗದಲ್ಲಿ, ಒಂದು ಚೀಟಿ ಅಂಟಿಸಿದ್ದರು. ನಿಮ್ಮ ಸೈಕಲ್ಲಿಗೆ ಒಂದು ದಾರ ಕಟ್ಟಿ ಗುರುತು ಮಾಡಿ, ದಾರ ಇಲ್ಲದ್ದನ್ನೆಲ್ಲ ತಿಂಗಳ ಕೊನೆಗೆ ಗುಜರಿಗೆ ಹಾಕುತ್ತೇವೆ ಅಂತ. ನಾನಿರುವುದು ಮಿಲಾನ್‌ನಲ್ಲಿ. ಮನೆ ಬಿಟ್ಟು ಹೋದವರು ಸೈಕಲ್ಲನ್ನೂ ಬಿಟ್ಟು ಹೋಗುವುದು ಇಲ್ಲಿ ಮಾಮೂಲಿ.

ತಿಂಗಳ ಕೊನೆಗೆ ದಾರ ಇಲ್ಲದ ಏಳು ಸೈಕಲ್ ಗೋಡೆಗೆ ಒರಗಿದ್ದವು. ಅದರಲ್ಲೊಂದು ನನ್ನ ದಾರಿಗೆ ಅಡ್ಡ ಇತ್ತು. ಗೇಟಿಗೆ ಹೊಡೆಯುವ ಹಸಿರು ಪೇಂಟನ್ನು ಬ್ರಶ್‌ನಲ್ಲಿ ಬಳಿದಿದ್ದರು, ಮುಂದೆ ತರಕಾರಿ ಬುಟ್ಟಿ, ಟೈರ್ ಎರಡೂ ಬಿರುಕು ಬಿಟ್ಟಿದ್ದವು. ಪಕ್ಕಕ್ಕಿಡೋಣ ಅಂತ ಒಂದು ಕೈಯಲ್ಲಿ ಎತ್ತಿದರೆ ಅದು ಸುಮ್ನೆ ಮೇಲೆ ಬಂದುಬಿಟ್ಟಿತು. ತುಂಬಿದೆ ಅಂದುಕೊಂಡು ಖಾಲಿ ಬಿಂದಿಗೆ ಎತ್ತಿದ ಹಾಗೆ. ಬುಟ್ಟಿ ಸೇರಿಸಿಯೂ ಅಷ್ಟು ಹಗುರ.

ಕೂತು ನೋಡಿದೆ. ಹಿಂದಿನ ಚಕ್ರದ ಆಕ್ಸಲ್ ಕೂರುವ ಕಚ್ಚಿನ ಮೇಲೆ, ಪೇಂಟಿನ ಅಡಿಯಲ್ಲಿ, ಅಕ್ಷರಗಳು ಉಬ್ಬಿದ್ದವು. ಉಗುರಿನಿಂದ ಕೆರೆದೆ. 'ಪಾನ್ಯೊ' ಅನ್ನುವಷ್ಟು ಕಂಡಿತು. ಕಂಪಾನ್ಯೊಲೊ! ರೇಸ್ ಸೈಕಲ್ಲಿನ ಪಾರ್ಟ್ಸ್ ಮಾಡುವ ಇಟಲಿಯ ಕಂಪನಿ. ಮಡ್‌ಗಾರ್ಡ್ ಸಿಕ್ಕಿಸುವ ಕಿವಿ ಕೂಡ ಅಲ್ಲಿರಲಿಲ್ಲ. ಅಂದರೆ ಇದು ತರಕಾರಿ ತರಲು ಹುಟ್ಟಿದ ಸೈಕಲ್ ಅಲ್ಲ, ರೇಸಿನದು. ಬಿಲ್ಡಿಂಗ್ ನೋಡಿಕೊಳ್ಳುವ ಹೆಂಗಸನ್ನು ಕೇಳಿದೆ. "ತಗೊಂಡು ಹೋಗು ಮಾರಾಯ, ನನಗೊಂದು ಭಾರ ಕಮ್ಮಿ" ಅನ್ನುವ ಅರ್ಥದ ಇಟಾಲಿಯನ್ ಮಾತು ಬಂತು.

ನನ್ನ ಸೈಕಲ್ ವಿದ್ಯೆಯೆಲ್ಲ ತಿಪಟೂರಿನದು. ಮಾವನದು ಸೈಕಲ್ ಶಾಪ್, ಬೇಸಿಗೆ ರಜೆ ಪೂರ್ತಿ ನಾನು ಅಲ್ಲೇ. ಪಂಕ್ಚರ್ ಹಾಕುವುದು, ಬಾಲ್ಸ್ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆಯುವುದು, ಬಾಡಿಗೆ ಸೈಕಲ್ ತಗೊಂಡು ಹೋದವರ ಟೈಮ್ ಬರೆಯುವುದು. ಮಾವ ಕಲಿಸಿದ ಮೊದಲ ಪಾಠ ಇದು: "ಎಡಗಡೆ ಪೆಡಲ್ ಉಲ್ಟಾ ಥ್ರೆಡ್, ಚೈನ್ ಕಡೆ ಕಪ್ಪೂ ಉಲ್ಟಾ ಥ್ರೆಡ್. ಮರೆತ್ಯೋ, ಸಾಯಂಕಾಲದವರೆಗೂ ಬಿಚ್ತಾ ಇರ್ತೀಯ." ಕಪ್ಪು ಅಂದರೆ ಬಣ್ಣವಲ್ಲ, ಪೆಡಲ್ ಆಕ್ಸಲ್‌ನ ಬಾಲ್ಸ್ ಕೂರುವ, ಫ್ರೇಮಿಗೆ ತಿರುಗಿಸಿ ಕೂರಿಸುವ ಬಟ್ಟಲು.

ಮರೆತಿರಲಿಲ್ಲ. ಅದೇ ಎಡವಟ್ಟಾಗಿದ್ದು.

ಶನಿವಾರ ಬೆಳಿಗ್ಗೆ ಚಕ್ರ ಬಿಚ್ಚಿದೆ. ಲಿವರ್ ಎಳೆದರೆ ಚಕ್ರ ಕೈಗೆ ಬರುವ ವ್ಯವಸ್ಥೆ ಇದರಲ್ಲಿ ಇದೆ. ತುಲ್ಲಿಯೊ ಕಂಪಾನ್ಯೊಲೊ 1927ರಲ್ಲಿ ಕ್ರೋಚೆ ದಾವುನೆ ಘಾಟಿಯಲ್ಲಿ ರೇಸ್ ಓಡಿಸುವಾಗ ಚಳಿಗೆ ಬೆರಳು ಮರಗಟ್ಟಿ, ಚಕ್ರದ ನಟ್ಟು ತಿರುಗಿಸಲಾಗದೆ ಒದ್ದಾಡಿದರಂತೆ. ಆ ಸಿಟ್ಟಿನಲ್ಲಿ ಹುಟ್ಟಿದ್ದು ಈ ಲಿವರ್ ಅನ್ನುವ ಕಥೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅವರು ವಿಚೆಂಜಾದಲ್ಲಿ ಕಂಪನಿ ಶುರು ಮಾಡಿದ್ದು 1933ರಲ್ಲಿ. ಗೇರ್ ಬದಲಿಸುವ ಡಿರೇಲರ್ ಮೇಲೆ 'ಪೇಟೆಂಟ್-77' ಅಂತ ಇತ್ತು. ಕ್ರ್ಯಾಂಕ್ ಹಿಂದೆ ಪುಟ್ಟ ವಜ್ರದಾಕಾರದ ಗೆರೆಯೊಳಗೆ 7. ಒಂದನ್ನು ಯಾರಾದರೂ ಬದಲಾಯಿಸಿರಬಹುದು, ಎರಡೂ ಒಂದೇ ಇಸವಿ ಹೇಳಿದರೆ ನಂಬಬಹುದು, ಅಲ್ವಾ? 1977ರ ಆಸುಪಾಸಿನ ಸೈಕಲ್.

ಆಮೇಲೆ ಪೆಡಲ್ ಆಕ್ಸಲ್ ಕೂರುವ ಗೂಡು. ಎಡಗಡೆ ಕಪ್ಪು ಸಲೀಸಾಗಿ ಬಂತು. ಚೈನ್ ಕಡೆಯದು ಜಪ್ಪಯ್ಯ ಅನ್ನಲಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿದೆ, ಕಾದೆ, ಟೀ ಕುಡಿದು ಬಂದೆ. ಪಾನಾಕ್ಕೆ ಪೈಪ್ ಸಿಕ್ಕಿಸಿ ಉದ್ದ ಮಾಡಿ ಅದರ ಮೇಲೆ ಹೆಚ್ಚುಕಮ್ಮಿ ನಿಂತೇ ಬಿಟ್ಟೆ. ಪಾನಾ ಜಾರಿ ಬೆರಳ ಗೆಣ್ಣು ಸುಲಿಯಿತು. ಪ್ರತಿ ಸಲವೂ ತಿರುಗಿಸಿದ್ದು ಗಡಿಯಾರದ ಮುಳ್ಳು ತಿರುಗುವ ಕಡೆಗೇ, ಯಾಕೆಂದರೆ ಉಲ್ಟಾ ಥ್ರೆಡ್ ಬಿಚ್ಚುವುದೇ ಹಾಗೆ. ಸಂಜೆಯಾಯಿತು.

ಭಾನುವಾರ ಫ್ರೇಮ್ ಹೆಗಲ ಮೇಲೆ ಹಾಕಿಕೊಂಡು ಹತ್ತಿರದ ಚಿಕ್ಲೊಫಿಚಿನಾಕ್ಕೆ ಹೋದೆ. ನಮ್ಮ ಸೈಕಲ್ ನಾವೇ ರಿಪೇರಿ ಮಾಡಿಕೊಳ್ಳಲು ಸಾಮಾನು ಕೊಡುವ ಜಾಗ ಅದು. ಅಲ್ಲೊಬ್ಬರು ಎಪ್ಪತ್ತು ದಾಟಿದ ಮೆಕ್ಯಾನಿಕ್. ನನ್ನ ಶನಿವಾರದ ಕಥೆ ಪೂರ್ತಿ ಕೇಳಿಸಿಕೊಂಡರು. ಏನೂ ಮಾತಾಡದೆ ವರ್ನಿಯರ್ ತೆಗೆದು ಗೂಡಿನ ಅಗಲ ಅಳೆದು ನನ್ನ ಮುಖಕ್ಕೆ ಹಿಡಿದರು. 70 ಮಿಲಿಮೀಟರ್.

"ಇಂಗ್ಲಿಷರದು 68. ಅವರದ್ದರಲ್ಲಿ ಚೈನ್ ಕಡೆ ಉಲ್ಟಾ. ನಮ್ಮದು 70, ಎರಡೂ ಕಡೆ ಸೀದಾ. ನೀನು ನಿನ್ನೆ ಇಡೀ ದಿನ ಅದನ್ನ ಟೈಟ್ ಮಾಡ್ತಾ ಕೂತಿದ್ದೆ."

ಮಾವ ಕಲಿತಿದ್ದು ಇಂಗ್ಲಿಷರ ಅಳತೆಯ ಸೈಕಲ್ ಮೇಲೆ. ಪಾಪ, ಅವರ ತಪ್ಪಲ್ಲ.

ಬಿಚ್ಚಿದ ರೀತಿ ನೋಡಬೇಕಿತ್ತು. ಕಪ್ಪಿನ ಚಪ್ಪಟೆ ಅಂಚನ್ನು ವೈಸ್‌ನಲ್ಲಿ ಭದ್ರವಾಗಿ ಕಚ್ಚಿಸಿದರು. ಕಪ್ಪು ಅಲ್ಲಾಡುವುದಿಲ್ಲ, ಫ್ರೇಮನ್ನೇ ತಿರುಗಿಸಬೇಕು. ಅವರು ಒಂದು ಕಡೆ, ನಾನು ಒಂದು ಕಡೆ ಹಿಡಿದು ಗಾಣದ ಎತ್ತಿನ ಹಾಗೆ ಎಡಕ್ಕೆ ತಳ್ಳಿದೆವು. 'ಟಕ್' ಅಂತ ಒಂದು ಸದ್ದು. ಆಮೇಲೆ ಬೆಣ್ಣೆ.

ಇನ್ನು ಹೆಸರು ಕಂಡುಹಿಡಿಯುವ ಸರದಿ. ಸೀಟಿನ ಕಂಬ ಅಳೆದರು, 27.2. ಅಂದರೆ ಅದು ಕೂರುವ ಫ್ರೇಮಿನ ಪೈಪಿನ ಗೋಡೆ ತೆಳು, ಒಳ್ಳೆಯ ಜಾತಿಯದು. ಮುಂದಿನ ಫೋರ್ಕ್ ಎಳೆದು ಅದರ ಕೊಳವೆಯೊಳಗೆ ಟಾರ್ಚ್ ಬಿಟ್ಟು "ನೋಡು" ಅಂದರು. ಒಳಗೋಡೆಯ ಮೇಲೆ ಬಂದೂಕಿನ ನಳಿಗೆಯಲ್ಲಿರುವಂತೆ ಸುರುಳಿ ಸುರುಳಿ ಏಣುಗಳು. ಅದು ಕೊಲಂಬುಸ್ ಪೈಪಿನ ಗುರುತು. ಆ ಕಂಪನಿಯೂ ಇದೇ ಮಿಲಾನಿನದು, 1919ರದ್ದು.

ಆದರೆ ಫ್ರೇಮ್ ಕಟ್ಟಿದ್ದು ಯಾರು? ಕೊಲ್ನಾಗೊ ಆಗಿದ್ದರೆ ಎಲ್ಲಾದರೂ ಇಸ್ಪೀಟಿನ ಕ್ಲಾವರ್ ಇರಬೇಕಿತ್ತು. ಇಲ್ಲ. ದೆ ರೋಸಾ ಆದರೆ ಹೃದಯದ ಆಕಾರ. ಅದೂ ಇಲ್ಲ. ಪೈಪುಗಳು ಸೇರುವ ಜಾಗ ಒಂದೊಂದನ್ನೂ ಸಾಬೂನು ನೀರಲ್ಲಿ ಉಜ್ಜಿ ನೋಡಿದ್ದಾಯಿತು. ಗೂಡಿನ ಅಡಿಯಲ್ಲಿ ಸೀರಿಯಲ್ ನಂಬರೂ ಇರಲಿಲ್ಲ, ಬರೀ 57 ಅಂತ ಇತ್ತು. ಅದು ಫ್ರೇಮಿನ ಸೈಜು ಅಷ್ಟೇ.

ಎರಡು ವಾರ ಸಂಜೆ ಕೂತು ಹಸಿರು ಪೇಂಟನ್ನು ಸ್ವಲ್ಪ ಸ್ವಲ್ಪವೇ ಎಬ್ಬಿಸಿದೆ. ಪ್ಲಾಸ್ಟಿಕ್ ಪಟ್ಟಿಯಿಂದ, ಅಡಿಯ ಬಣ್ಣಕ್ಕೆ ಗೀರು ಬೀಳದ ಹಾಗೆ. ಒಳಗೆ ಕುಂಕುಮದ ಕೆಂಪು, ಫೋರ್ಕಿನ ತುದಿಗೆ ಕ್ರೋಮ್. ಕೆಳಗಿನ ಪೈಪಿನ ಮೇಲೆ ಹೆಸರಿದ್ದ ಜಾಗ ಯಾರೋ ಮರಳು ಕಾಗದ ಹಾಕಿ ತಿಕ್ಕಿದ್ದರು. ಕೊನೆಯ ಎರಡು ಅಕ್ಷರ ಮಾತ್ರ ಉಳಿದಿದ್ದವು. 'ನಿ' ಅಂತ.

ಕುಣಿದಾಡಿಕೊಂಡು ಮೆಕ್ಯಾನಿಕ್‌ಗೆ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಕೆಸಿನಿ ಇರಬಹುದು, ತೊಮ್ಮಾಸಿನಿ ಇರಬಹುದು, ಅವರ ಮನೆಯ ಪ್ಲಂಬರ್ ಕೂಡ ಇರಬಹುದು ಅಂದರು. ಇಟಲಿಯಲ್ಲಿ 'ನಿ' ಅಂತ ಮುಗಿಯುವ ಹೆಸರು ಹುಡುಕುವುದು ಅಂದರೆ, "ಹೆಸರು ಗೊತ್ತಿಲ್ಲ, ಕೊನೆಗೆ 'ಪ್ಪ' ಇದೆ" ಅಂತ ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿದ ಹಾಗೆ. ಆ ಕಾಲದಲ್ಲಿ ಊರೂರಿಗೂ ಫ್ರೇಮ್ ಕಟ್ಟುವವರಿದ್ದರು. ಇವರೆಲ್ಲ ತರಿಸುತ್ತಿದ್ದುದು ಅದೇ ಕೊಲಂಬುಸ್ ಪೈಪು, ಅದೇ ಕಂಪಾನ್ಯೊಲೊ ಪಾರ್ಟ್ಸು. ನನಗೆ ಸ್ವಲ್ಪ ಬೇಜಾರಾಯಿತು, ಸುಳ್ಳು ಹೇಳುವುದಿಲ್ಲ. ದೊಡ್ಡ ಹೆಸರಾಗಿದ್ದರೆ ಊರಿಗೆಲ್ಲ ಹೇಳಿಕೊಂಡು ತಿರುಗಬಹುದಿತ್ತು.

ಹೊಸ ಪೇಂಟ್ ಹೊಡೆಸಲಿಲ್ಲ. ಕೇಬಲ್, ಬ್ರೇಕ್ ಕಟ್ಟೆ, ಬಾಲ್ಸ್ ಬದಲಾಯಿಸಿದೆ. ಟೈರ್ ಕೆಲಸವೇ ಜಾಸ್ತಿ. ಇವು ಒಳಗೆ ಟ್ಯೂಬ್ ಇಟ್ಟು ಹೊಲಿದು, ರಿಮ್ಮಿಗೆ ಗಮ್ಮಿನಲ್ಲಿ ಅಂಟಿಸುವ ಟೈರ್‌ಗಳು. ಹಳೇ ಗಮ್ಮು ಕೆರೆದು ತೆಗೆಯುವುದಕ್ಕೇ ಒಂದು ದಿನ ಹೋಯಿತು, ಮನೆಯೆಲ್ಲ ವಾಸನೆ. ಮಾವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದರೆ, "ಕ್ಯಾರಿಯರ್ ಎಲ್ಲೋ?" ಅಂದರು. ಕಪ್ಪಿನ ವಿಷಯ ಹೇಳಿದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡೂ ಕಡೆ ಸೀದಾನಾ? ಹಂಗಾದ್ರೆ ತುಳೀತಾ ತುಳೀತಾ ಅದೇ ಲೂಸ್ ಆಗಲ್ವೇನೋ?"

ಮೊದಲ ಸಲ ಓಡಿಸಿದ್ದು ಮಾರ್ತೆಸಾನಾ ಕಾಲುವೆಯ ಪಕ್ಕದ ಸೈಕಲ್ ದಾರಿಯಲ್ಲಿ. ಬೆಳಗಿನ ಹೊತ್ತು, ನೀರಿನ ಮೇಲೆ ಮಂಜು, ಸೈಕಲ್ ಸದ್ದೇ ಇಲ್ಲದೆ ಹೋಗುತ್ತಿತ್ತು. ಸುಮಾರು ಇಪ್ಪತ್ತು ಕಿಲೋಮೀಟರ್ ಆದಮೇಲೆ ಕಾಲಡಿಯಲ್ಲಿ ಸಣ್ಣಗೆ 'ಟಿಕ್' ಶುರುವಾಯಿತು. ಪ್ರತಿ ಸುತ್ತಿಗೊಂದು ಟಿಕ್. ಬಗ್ಗಿ ನೋಡಿದರೆ ಚೈನ್ ಕಡೆಯ ಕಪ್ಪು ಕೂದಲೆಳೆಯಷ್ಟು ಹೊರಗೆ ಬಂದಿತ್ತು. ಮಾವ ಅಂದಿದ್ದು ಸರಿಯಾಗಿತ್ತು.

ನಿಧಾನಕ್ಕೆ ಮನೆಗೆ ವಾಪಸ್ ತಂದು, ಪಾನಾಕ್ಕೆ ಮತ್ತೆ ಅದೇ ಪೈಪ್ ಸಿಕ್ಕಿಸಿದೆ. ಯಾವ ಕಡೆಗೆ ತಿರುಗಿಸಬೇಕು ಅಂತ ಈ ಸಲ ಯೋಚಿಸಲಿಲ್ಲ. ಆ ಶನಿವಾರ ಇಡೀ ದಿನ ತಿರುಗಿಸಿದ್ದೆನಲ್ಲ, ಅದೇ ಕಡೆಗೆ.